ಬೇಗೂರಿನ ಶೆಡ್ಡಿನಲ್ಲಿ ಇಟಲಿಯ ಕಾರು

ಬೇಗೂರು ಕೆರೆಯಿಂದ ಸ್ವಲ್ಪ ದೂರದಲ್ಲಿ ಒಂದು ತಗಡಿನ ಶೆಡ್ಡು. ಅದರ ಯಜಮಾನರು ಪೀಣ್ಯದ ಮೆಷಿನ್ ಶಾಪ್‌ಗಳಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಈಗ ಹಳೆಯ ಫಿಯೆಟ್ ಕಾರುಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಅವರ ದಿನ ಕಳೆಯುತ್ತದೆ. ಮಾತಾಡಲು ಬಂದವನು ಅವರ ಅಕ್ಕನ ಮಗ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಇಂಜಿನಿಯರ್.

ಅಳಿಯ: ಮಾವ, ಬಹಳ ದಿನದಿಂದ ಒಂದು ಆಸೆ ಇದೆ. ಇಟಲಿಯ ಹಳೇ ಸ್ಪೋರ್ಟ್ಸ್ ಕಾರು ಒಂದನ್ನ ಕೊಳ್ಳಬೇಕು. ಫೆರಾರಿಯವರ ಡೀನೋ ಆಗಲಿ, ಆಲ್ಫಾ ರೋಮಿಯೋ ಸ್ಪೈಡರ್ ಆಗಲಿ. ಆದರೆ ಹರಾಜಿನ ಬೆಲೆಗಳನ್ನ ನೋಡಿದರೆ ತಲೆಬುಡ ತಿಳಿಯಲ್ಲ. ಅದೇ ಮಾಡೆಲ್, ಅದೇ ವರ್ಷ; ಒಂದಕ್ಕೆ ಒಂದು ರೇಟು, ಇನ್ನೊಂದಕ್ಕೆ ಅದರ ಮೂರು ಪಟ್ಟು. ಈ ಬೆಲೆ ಕಟ್ಟೋದು ಯಾವ ಲೆಕ್ಕದ ಮೇಲೆ?

ಮಾವ: ಒಂದು ಸಂಗತಿ ಹೇಳ್ತೀನಿ ಕೇಳು. 2023ರ ಆಗಸ್ಟ್‌ನಲ್ಲಿ ಅಮೆರಿಕದ ಮಾಂಟೆರಿಯಲ್ಲಿ ಆರ್‌ಎಂ ಸೋದಬೀಸ್‌ನವರ ಹರಾಜು ನಡೀತು. ಅಲ್ಲಿ 1954ರ ಫೆರಾರಿ 500 ಮೊಂಡಿಯಾಲ್ ಒಂದು ಮಾರಾಟಕ್ಕೆ ಬಂತು. ಕಾರು ಅಂತ ಕರೆಯೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ಹಿಂದೆ ಯಾವತ್ತೋ ಅಪಘಾತದಲ್ಲಿ ಸುಟ್ಟು, ನಜ್ಜುಗುಜ್ಜಾಗಿ, ದಶಕಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಲೋಹದ ಮುದ್ದೆ ಅದು. ಹೋದ ಬೆಲೆ 18 ಲಕ್ಷ 75 ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ ಹದಿನೈದು ಕೋಟಿ ರೂಪಾಯಿ ದಾಟುತ್ತೆ. ಈಗ ಹೇಳು, ಕೊಂಡವನು ಏನನ್ನ ಕೊಂಡ?

ಅಳಿಯ: ಚಾಸಿ ನಂಬರನ್ನ?

ಮಾವ: ನಂಬರನ್ನ, ಅದರ ಜೊತೆಗೆ ಬಂದ ಚರಿತ್ರೆಯನ್ನ. ಇದು ಇಂಥ ದಿನ ಮರಾನೆಲ್ಲೋ ಕಾರ್ಖಾನೆಯಿಂದ ಹೊರಬಿತ್ತು, ಇಂಥ ರೇಸಿನಲ್ಲಿ ಓಡಿತು, ಇಂಥವರ ಕೈಯಿಂದ ಇಂಥವರ ಕೈಗೆ ಹೋಯಿತು ಅನ್ನೋ ದಾಖಲೆ ಎಲ್ಲೂ ಕಡಿಯದೆ ಉಳಿದಿತ್ತು. ತಗಡನ್ನ ಹೊಸದಾಗಿ ಬಡಿದು ಮಾಡಬಹುದು, ಇಂಜಿನ್ನನ್ನೂ ಕಟ್ಟಬಹುದು. ಆ ದಾಖಲೆಯನ್ನ ಇವತ್ತು ಯಾರೂ ತಯಾರಿಸೋಕೆ ಆಗಲ್ಲ. ಹಳೇ ಕಾರಿನ ಬೆಲೆ ನಿಂತಿರೋದು ಅದರ ಬಗ್ಗೆ ಸಾಬೀತು ಮಾಡಬಹುದಾದ ಸತ್ಯದ ಮೇಲೆ. ಅಂದಚಂದ, ವೇಗ, ಕಂಪನಿಯ ಹೆಸರು ಎಲ್ಲಕ್ಕೂ ಬೆಲೆ ಇದೆ ನಿಜ, ಆದರೆ ಸತ್ಯದ ಆಧಾರ ಇಲ್ಲದಿದ್ದರೆ ಅವು ಯಾವುವೂ ನಿಲ್ಲಲ್ಲ.

ಅಳಿಯ: ಮಾರುವವರು ಕಥೆಗಳನ್ನ ಚೆನ್ನಾಗಿ ಹೇಳ್ತಾರಲ್ಲ ಮಾವ. ಮಹಾರಾಜರ ಗ್ಯಾರೇಜಿನಲ್ಲಿತ್ತು, ಸಿನಿಮಾ ನಟರೊಬ್ಬರು ಓಡಿಸ್ತಿದ್ದರು ಅಂತ.

ಮಾವ: ಕಥೆಗೂ ದಾಖಲೆಗೂ ಇರೋ ಅಂತರ ತಿಳಿಯೋಕೆ ನೀನು ದೂರ ಹೋಗಬೇಕಾಗಿಲ್ಲ, ನಮ್ಮ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗು. ಹೊಯ್ಸಳ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆಮೇಲೆ ಬೆಂಗಳೂರು ಹುಟ್ಟಿತು ಅನ್ನೋ ಕಥೆ ಎಷ್ಟು ಜನರ ಬಾಯಲ್ಲಿದೆ! ಆದರೆ ಇಲ್ಲಿಯ ಕಲ್ಲಿನ ಶಾಸನ ಗಂಗರ ಕಾಲದ್ದು, ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಕೆತ್ತಿದೆ. ಬಲ್ಲಾಳ ಹುಟ್ಟೋಕೆ ಇನ್ನೂರು ವರ್ಷಕ್ಕಿಂತ ಮೊದಲೇ ಊರು ಇತ್ತು ಅಂತ ಆ ಕಲ್ಲು ಹೇಳುತ್ತೆ. ಕಥೆ ಇಂಪಾಗಿದೆ, ಆದರೆ ಇತಿಹಾಸ ಬರೆಯುವವನು ಕಲ್ಲನ್ನ ನಂಬ್ತಾನೆ. ಕಾರು ಕೊಳ್ಳುವವನೂ ಹಾಗೇ ಮಾಡಬೇಕು. ಮಾರುವವನ ಕಥೆಯನ್ನ ಗೌರವದಿಂದ ಕೇಳಿಸಿಕೋ, ಆಮೇಲೆ ಬಾನೆಟ್ ಎತ್ತಿ ನಂಬರ್ ಓದು.

ಅಳಿಯ: ದಾಖಲೆ ಸರಿ ಇದ್ದರೂ ಎಲ್ಲ ಕಾರಿಗೂ ಒಂದೇ ಬೆಲೆ ಬರಲ್ಲವಲ್ಲ. ಫೆರಾರಿ 250 ಜಿಟಿಓಗೆ ಆ ಪರಿ ಬೆಲೆ ಯಾಕೆ?

ಮಾವ: ಅದರಲ್ಲಿ ಎಲ್ಲವೂ ಒಟ್ಟಿಗೆ ಕೂಡಿಬಂದಿದೆ. 1962ರಿಂದ 1964ರವರೆಗೆ ತಯಾರಾದದ್ದು 36 ಮಾತ್ರ. ಮೂರು ಲೀಟರಿನ ಹನ್ನೆರಡು ಸಿಲಿಂಡರ್ ಇಂಜಿನ್. ರೇಸಿಗೆ ಅಂತಲೇ ಹುಟ್ಟಿದ್ದು, ರೇಸು ಗೆದ್ದದ್ದು, ಆದರೂ ರಸ್ತೆ ಮೇಲೆ ಓಡಿಸಬಹುದಾದದ್ದು. ಪ್ರತಿಯೊಂದು ಕಾರೂ ಎಲ್ಲಿದೆ, ಯಾರ ಬಳಿ ಇದೆ ಅನ್ನೋದು ಬಲ್ಲವರಿಗೆ ಗೊತ್ತು. 2018ರಲ್ಲಿ ಅದರಲ್ಲಿ ಒಂದು ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಮರುವರ್ಷ ಬೊಲೋನ್ಯಾದ ನ್ಯಾಯಾಲಯ ಆ ಕಾರಿನ ವಿನ್ಯಾಸವನ್ನ ಕಲಾಕೃತಿ ಅಂತ ಒಪ್ಪಿ, ನಕಲು ಮಾಡೋದನ್ನ ತಡೀತು. ಎಷ್ಟು ತಯಾರಾದವು, ಏನು ಸಾಧಿಸಿದವು, ಯಾರು ವಿನ್ಯಾಸ ಮಾಡಿದರು, ಎಷ್ಟರ ಮಟ್ಟಿಗೆ ಹುಟ್ಟಿದ ಹಾಗೇ ಉಳಿದಿದೆ, ಈಗಿನ ಸ್ಥಿತಿ ಹೇಗಿದೆ, ಕಾಗದಪತ್ರ ಏನಿದೆ. ಈ ಆರು ಪ್ರಶ್ನೆ ಹಾಕಿ ನೋಡಿದರೆ ಯಾವ ಕಾರಿನ ಬೆಲೆಯ ಗುಟ್ಟೂ ಬಿಡಿಸಿಕೊಳ್ಳುತ್ತೆ.

ಅಳಿಯ: ಕಡಿಮೆ ತಯಾರಾದರೆ ಸಾಕು, ಬೆಲೆ ತಾನಾಗೇ ಏರುತ್ತೆ ಅಂದುಕೊಂಡಿದ್ದೆ.

ಮಾವ: ಯಾರಿಗೂ ಬೇಡವಾಗಿ ಕಡಿಮೆ ಮಾರಾಟವಾದ ಕಾರುಗಳೂ ಇವೆ, ಅವುಗಳನ್ನ ಯಾರೂ ಹುಡುಕಿಕೊಂಡು ಹೋಗಲ್ಲ. ನೀನು ಕೇಳಿದ ಡೀನೋ 246 ನೋಡು. 1969ರಿಂದ 1974ರವರೆಗೆ ಮೂರೂವರೆ ಸಾವಿರಕ್ಕೂ ಹೆಚ್ಚು ತಯಾರಾದವು. ಮೈಮೇಲೆ ಫೆರಾರಿ ಅನ್ನೋ ಹೆಸರೂ ಇರಲಿಲ್ಲ. ಚಿಕ್ಕ ವಯಸ್ಸಿಗೇ ತೀರಿಹೋದ ಮಗ ಡೀನೋನ ಹೆಸರನ್ನೇ ಎಂಜೋ ಫೆರಾರಿ ಇಟ್ಟದ್ದು. ಆದರೂ ಅದಕ್ಕೆ ದೊಡ್ಡ ಬೆಲೆ ಇದೆ. ಯಾಕೆಂದರೆ ಅದರ ರೂಪವನ್ನ ಮೆಚ್ಚುವವರ ಸಂಖ್ಯೆ ಕಾರುಗಳ ಸಂಖ್ಯೆಗಿಂತ ದೊಡ್ಡದು.

ಅಳಿಯ: ಹಾಗಾದರೆ ಇದನ್ನ ಒಂದು ಹೂಡಿಕೆ ಅಂತ ನೋಡಬಹುದಾ? ನಮ್ಮ ಆಫೀಸಿನಲ್ಲಿ ಕೆಲವರು ಸೈಟು, ಚಿನ್ನ ಬಿಟ್ಟು ಇಂಥವುಗಳ ಕಡೆ ನೋಡ್ತಿದ್ದಾರೆ.

ಮಾವ: 1988ರ ಆಗಸ್ಟ್‌ನಲ್ಲಿ ಎಂಜೋ ಫೆರಾರಿ ತೀರಿಕೊಂಡರು. ಇನ್ನು ಅವರ ಕೈಯ ಕಾರುಗಳು ಹುಟ್ಟಲ್ಲ ಅನ್ನೋ ಭಾವನೆ ಹಬ್ಬಿ ಬೆಲೆ ಹುಚ್ಚುಹುಚ್ಚಾಗಿ ಏರಿತು. ಕಾರು ಓಡಿಸೋದೇ ಬಾರದ ಜನ ಸಾಲ ಮಾಡಿ ಕೊಂಡು, ಕೆಲವೇ ತಿಂಗಳಲ್ಲಿ ಮಾರೋಕೆ ಶುರು ಮಾಡಿದರು. 1990ರ ನಂತರ ಎಲ್ಲ ಕುಸಿದುಬಿತ್ತು. ಜಿಟಿಓದಂಥ ಜಿಟಿಓ ಕೂಡ ಕೋಟಿ ಡಾಲರಿನ ಮೇಲಿದ್ದದ್ದು ಕೆಲವೇ ವರ್ಷದಲ್ಲಿ ಮೂವತ್ತು ಲಕ್ಷದ ಆಸುಪಾಸಿಗೆ ಇಳೀತು. ಅಂಥ ಕಾರು ಆಮೇಲೆ ಚೇತರಿಸಿಕೊಂಡಿತು, ನಿಜ. ಆದರೆ ಸಾಲ ಮಾಡಿ ಕೊಂಡವನು ಅಲ್ಲಿವರೆಗೆ ಕಾಯೋಕೆ ಆಗಲಿಲ್ಲ. ಹತ್ತು ವರ್ಷ ಮರೆತು ಕೂರಬಲ್ಲ ದುಡ್ಡು ಇದ್ದರೆ ಮಾತ್ರ ಇದಕ್ಕೆ ಕೈಹಾಕು. ಮನೆ ಸಾಲ, ಮಕ್ಕಳ ಓದು, ಕಾಯಿಲೆ-ಕಸಾಲೆಗೆ ಅಂತ ಇಟ್ಟ ದುಡ್ಡು ಈ ಶೆಡ್ಡಿನ ಹತ್ತಿರ ಸುಳಿಯಬಾರದು. ಕೊಂಡ ಮೇಲೂ ಖರ್ಚು ನಿಲ್ಲಲ್ಲ: ನಿಲ್ಲಿಸೋಕೆ ಒಣ ಜಾಗ, ವಿಮೆ, ಟೈರು, ರಬ್ಬರು, ಬ್ಯಾಟರಿ. ಓಡಿಸದೆ ನಿಲ್ಲಿಸಿದ ಕಾರು ಓಡಿಸಿದ ಕಾರಿಗಿಂತ ಬೇಗ ಕೆಡುತ್ತೆ. ಪೆಟ್ರೋಲು ಟ್ಯಾಂಕಿನಲ್ಲಿ ತುಕ್ಕು ಕೂರುತ್ತೆ, ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತೆ.

ಅಳಿಯ: ಹಳೇ ಕಾರು ಕೊಂಡು ಪೂರ್ತಿ ಹೊಸದರ ಹಾಗೆ ಮಾಡಿಸಿದರೆ ಬೆಲೆ ಹೆಚ್ಚಬೇಕಲ್ಲ? ಪಳಪಳ ಹೊಳೀತಾ ಇದ್ದರೆ ಯಾರಿಗೆ ಬೇಡ?

ಮಾವ: 2015ರಲ್ಲಿ ಪ್ಯಾರಿಸ್ಸಿನಲ್ಲಿ ಬೈಯೋ ಮನೆತನದ ಸಂಗ್ರಹ ಹರಾಜಿಗೆ ಬಂತು. ಆರ್ಟ್‌ಕ್ಯೂರಿಯಲ್ ಸಂಸ್ಥೆಯವರು ನಡೆಸಿದ್ದು. ಕೊಟ್ಟಿಗೆಯಂಥ ಜಾಗದಲ್ಲಿ ದಶಕಗಳ ಕಾಲ ದೂಳು ತಿಂದಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಅದರಲ್ಲಿತ್ತು. ಒಂದು ಕಾಲಕ್ಕೆ ಫ್ರೆಂಚ್ ನಟ ಅಲೇನ್ ಡೆಲೋನ್ ಓಡಿಸಿದ್ದು, ಅದಕ್ಕೆ ಫೋಟೋ ಪುರಾವೆ ಇತ್ತು. ದೂಳನ್ನೂ ಒರೆಸದೆ ಹರಾಜಿಗೆ ಇಟ್ಟರು. ಬಂದ ಬೆಲೆ 1 ಕೋಟಿ 63 ಲಕ್ಷ ಯೂರೋ. ಯಾಕೆ ಗೊತ್ತಾ? ಹುಟ್ಟಿದಾಗ ಹಾಕಿದ ಬಣ್ಣ, ಹೊಲಿದ ಚರ್ಮ, ಬಿಗಿದ ಬೋಲ್ಟು ಒಂದೇ ಸಲ ಇರುತ್ತೆ. ಕಿತ್ತು ಎಸೆದರೆ ಮುಗೀತು. ಕಾರ್ಖಾನೆಯವನು ಎಲ್ಲಿ ಹೇಗೆ ವೆಲ್ಡ್ ಮಾಡಿದ್ದ ಅನ್ನೋದಕ್ಕೆ ಇರೋ ಏಕೈಕ ಸಾಕ್ಷಿ ಆ ಮೈಯೇ. ಅದಕ್ಕೇ ನಾನು ಮೊದಲು ಕೇಳೋದು: ಇದನ್ನ ಉಳಿಸಬಹುದಾ? ಉಳಿಸೋಕೆ ಸಾಧ್ಯವೇ ಇಲ್ಲ ಅಂತ ಆದ ಮೇಲೆ ರಿಪೇರಿ, ರಿಪೇರಿಯೂ ಆಗದಿದ್ದಾಗ ಬದಲಿ.

ಅಳಿಯ: ಅಷ್ಟು ಬೆಲೆ ಇದ್ದ ಕಡೆ ಮೋಸವೂ ಇರಬೇಕಲ್ಲ.

ಮಾವ: ಇದೆ. ಫೆರಾರಿ 250 ಜಿಟಿಇ ಅಂತ ನಾಲ್ಕು ಸೀಟಿನ ಕಾರು, 1960ರಿಂದ 63ರವರೆಗೆ ಸುಮಾರು 950 ತಯಾರಾದವು. ಅದರದ್ದೂ ಮೂರು ಲೀಟರಿನ ಅದೇ ಮನೆತನದ ಇಂಜಿನ್. ಜಿಟಿಓ ಬೆಲೆ ಗಗನಕ್ಕೆ ಹೋದಾಗ ಎಷ್ಟೋ ಜಿಟಿಇಗಳನ್ನ ಕತ್ತರಿಸಿ, ಮೇಲೆ ಜಿಟಿಓ ಆಕಾರದ ತಗಡು ಹೊದಿಸಿದರು. ನಕಲು ಅಂತ ಹೇಳಿ ಮಾರಿದರೆ ಅದು ಮೋಸ ಅಲ್ಲ ಅನ್ನೋಣ. ಆದರೂ ಒಂದು ನಿಜವಾದ ಕಾರು ಅಲ್ಲಿ ಸತ್ತುಹೋಯಿತು. ಈಗ ಜಿಟಿಇಗಳಿಗೂ ಒಳ್ಳೆ ಬೆಲೆ ಬಂದಿದೆ. ಕತ್ತರಿಸಿದವು ಮಾತ್ರ ವಾಪಸ್ ಬರಲ್ಲ. ಇದು ನಮ್ಮಲ್ಲೂ ನಡೆಯುತ್ತೆ. ಒಳ್ಳೇ ಫಿಯೆಟ್‌ಗೆ ಬೇರೆ ಕಂಪನಿಯ ಡೀಸೆಲ್ ಇಂಜಿನ್ ಕೂರಿಸಿ, ಸ್ಟೀರಿಂಗ್ ಪಕ್ಕದ ಗೇರ್ ಕಿತ್ತು ಫ್ಲೋರ್ ಶಿಫ್ಟ್ ಮಾಡಿಸಿ, ಅಗಲದ ಅಲಾಯ್ ವೀಲ್ ಹಾಕಿಸಿದ ಕಾರುಗಳು ನನ್ನ ಹತ್ತಿರ ಬರ್ತಾ ಇರುತ್ತವೆ. ಮೊದಲಿನ ಹಾಗೆ ಮಾಡಿಕೊಡಿ ಅಂತ ಕೇಳ್ತಾರೆ. ಕಿತ್ತ ಸಾಮಾನು ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿರುತ್ತೆ.

ಅಳಿಯ: ಹಾಗಿದ್ದರೆ ನೇರವಾಗಿ ಕೇಳ್ತೀನಿ. ಒಂದು ಡೀನೋವನ್ನೋ ಆಲ್ಫಾವನ್ನೋ ವಿದೇಶದಲ್ಲಿ ಕೊಂಡು ಬೆಂಗಳೂರಿಗೆ ತರಿಸೋಕೆ ಆಗುತ್ತಾ?

ಮಾವ: ಕಾನೂನಿನ ದಾರಿ ಮೊದಲಿಗಿಂತ ಅಗಲ ಆಗಿದೆ. ಹಿಂದೆ 1950ಕ್ಕೆ ಮುಂಚೆ ತಯಾರಾದ ವಿಂಟೇಜ್ ಕಾರುಗಳಿಗಷ್ಟೇ ಲೈಸೆನ್ಸ್ ಇಲ್ಲದ ಆಮದಿಗೆ ಅವಕಾಶ ಇತ್ತು. ಅಂದರೆ ಯುದ್ಧದ ನಂತರ ಇಟಲಿಯಲ್ಲಿ ಹುಟ್ಟಿದ ಚೆಂದದ ಕಾರುಗಳೆಲ್ಲ ಗೆರೆಯ ಆಚೆ. 2025ರಲ್ಲಿ ಅದನ್ನ ಬದಲಿಸಿ, 50 ವರ್ಷ ದಾಟಿದ ಕಾರುಗಳಿಗೆ ಅವಕಾಶ ಕೊಟ್ಟರು. ಆದರೆ ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೂ ಮೀರುತ್ತೆ. ಮೇಲೆ ಹಡಗಿನ ಬಾಡಿಗೆ. ಇಲ್ಲಿಗೆ ಬಂದ ಮೇಲೆ ಅದರ ಒಂದು ವಾಟರ್ ಪಂಪಿಗೂ ಇಟಲಿಯ ಕಡೆ ಮುಖ ಮಾಡಿ ಕಾಯಬೇಕು.

ಅಳಿಯ: ನೋಂದಣಿ?

ಮಾವ: 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಕ್ಕೆ ಬೇರೆಯೇ ನೋಂದಣಿ ಮಾಡಿದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ವಾಹನ ಇದಕ್ಕೆ ಬರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಮುಂದಿನ ನವೀಕರಣಕ್ಕೆ 5,000. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ರಾಜ್ಯದ ಅಕ್ಷರಗಳ ಜೊತೆ 'ವಿಎ' ಬರುತ್ತೆ. ಇಲ್ಲೇ ಮೊದಲಿಂದ ನೋಂದಣಿ ಇರೋ ಕಾರಾದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರ್ ಪ್ಲೇಟ್ ಇರೋ ಕಾರು ಸಿಕ್ಕರೆ ಆ ನಂಬರೂ ಅದರ ಚರಿತ್ರೆಯ ಭಾಗ ಅಂತ ತಿಳಿ. ಒಂದು ಮಾತು ನೆನಪಿರಲಿ: ವಿಂಟೇಜ್ ನೋಂದಣಿ ಆದ ಕಾರನ್ನ ದಿನಾ ಆಫೀಸಿಗೆ ತಗೊಂಡು ಹೋಗೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸೋದು, ಇಂಥದಕ್ಕೆ ಮಾತ್ರ.

ಅಳಿಯ: ಇಷ್ಟೆಲ್ಲ ಕೇಳಿದ ಮೇಲೆ ನನ್ನಂಥ ಸಂಬಳದವನಿಗೆ ಇಟಲಿಯ ಕಾರು ಕನಸಾಗೇ ಉಳಿಯುತ್ತೆ ಅನ್ನಿಸ್ತಿದೆ.

ಮಾವ: ನೀನು ಈಗ ಒರಗಿಕೊಂಡು ನಿಂತಿರೋದೇ ಇಟಲಿಯ ಕಾರಿಗೆ ಕಣೋ. 1966ರ ಫಿಯೆಟ್ 1100 ಡಿಲೈಟ್.

ಅಳಿಯ: ಇದು ಫಿಯೆಟ್ ಮಾವ. ಊರಲ್ಲಿ ಡಾಕ್ಟರು, ಲಾಯರು, ಹೆಡ್ಮಾಸ್ಟರು ಎಲ್ಲರ ಮನೆ ಮುಂದೆ ನಿಂತಿರ್ತಿದ್ದ ಕಾರು. ಸ್ಪೋರ್ಟ್ಸ್ ಕಾರಿನ ಜೊತೆ ಇದನ್ನ ಇಡೋದು ಹೇಗೆ?

ಮಾವ: ಇದರ ಇಂಜಿನ್ ಎಷ್ಟು ಸಿಸಿ?

ಅಳಿಯ: 1089.

ಮಾವ: ಆ ಅಂಕಿಯನ್ನ ಹಿಡಿದುಕೊಂಡು ಹಿಂದಕ್ಕೆ ಹೋಗು. 1937ರಲ್ಲಿ ಫಿಯೆಟ್ 508ಸಿ ಅನ್ನೋ ಕಾರು ಬಂತು. ಡಾಂಟೆ ಜಾಕೋಸಾ ಅನ್ನೋ ಇಂಜಿನಿಯರ್ ಮಾಡಿದ್ದು. ನಾಲ್ಕು ಸಿಲಿಂಡರ್, ಬೋರ್ 68 ಮಿಲಿಮೀಟರ್, ಸ್ಟ್ರೋಕ್ 75, ಒಟ್ಟು 1089 ಸಿಸಿ. ಅದೇ ಮುಂದೆ ಫಿಯೆಟ್ 1100 ಅಂತ ಹೆಸರಾಯಿತು. 1939ರಲ್ಲಿ ಎಂಜೋ ಫೆರಾರಿ ಆಲ್ಫಾ ರೋಮಿಯೋ ಬಿಟ್ಟು ಹೊರಬಂದರು. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ರೇಸ್ ಕಾರು ಮಾಡಬಾರದು ಅನ್ನೋ ಕರಾರು ಇತ್ತು. ಹಾಗಾಗಿ ಆಟೋ ಆವಿಯೋ ಕಾಸ್ಟ್ರುತ್ಸಿಯೋನಿ ಅನ್ನೋ ಹೆಸರಿನಲ್ಲಿ 815 ಅಂತ ಎರಡು ಕಾರು ಕಟ್ಟಿದರು. ಎಂಟು ಸಿಲಿಂಡರ್, ಒಂದೂವರೆ ಲೀಟರ್. ಆ ಇಂಜಿನ್ನಿಗೆ ಅವರು ಬಳಸಿದ್ದು ಎರಡು ಫಿಯೆಟ್ 508ಸಿ ಸಿಲಿಂಡರ್ ಹೆಡ್‌ಗಳನ್ನ, ಜೊತೆಗೆ ಅದೇ ಕಾರಿನ ಬೇರೆ ಸಾಮಾನನ್ನ. 1940ರ ಬ್ರೆಷಾ ಗ್ರಾಂ ಪ್ರಿಯಲ್ಲಿ ಎರಡೂ ಓಡಿದವು. ಒಂದರ ಸ್ಟೀರಿಂಗ್ ಹಿಡಿದವನು ಅಲ್ಬೆರ್ಟೋ ಅಸ್ಕಾರಿ, ಮುಂದೆ ಎರಡು ಸಲ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು. ಎರಡೂ ಕಾರು ರೇಸ್ ಮುಗಿಸಲಿಲ್ಲ. ಆದರೆ ಫೆರಾರಿ ಸ್ವಂತವಾಗಿ ಕಟ್ಟಿದ ಮೊದಲ ಕಾರು ಅದೇ.

ಅಳಿಯ: ಅಂದರೆ ಫೆರಾರಿಯ ಮೊದಲ ಇಂಜಿನ್ನಿಗೂ ಈ ಇಂಜಿನ್ನಿಗೂ ಸಂಬಂಧ ಇದೆ!

ಮಾವ: ಒಂದೇ ಮನೆತನದವು. ಅಷ್ಟಕ್ಕೇ ಮುಗಿಯಲ್ಲ. ಯುದ್ಧ ಮುಗಿದ ಮೇಲೆ ಟ್ಯೂರಿನ್ನಿನಲ್ಲಿ ಚಿಸಿಟಾಲಿಯಾ ಅನ್ನೋ ಚಿಕ್ಕ ಕಂಪನಿ ಶುರುವಾಯಿತು. ಅವರ 202 ಕೂಪೆಗೆ ಪಿನಿನ್ ಫರೀನಾ ಮೈ ಕಟ್ಟಿದರು. ಮಡ್‌ಗಾರ್ಡ್, ಬಾನೆಟ್, ದೀಪ ಎಲ್ಲ ಬೇರೆ ಬೇರೆಯಾಗಿ ಕಾಣದೆ ಒಂದೇ ತಗಡನ್ನ ನೀವಿ ಮಾಡಿದ ಹಾಗೆ ಇದೆ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 1951ರಲ್ಲಿ ಅದನ್ನ ಕಲಾಕೃತಿಯಾಗಿ ಪ್ರದರ್ಶನಕ್ಕೆ ಇಟ್ಟಿತು. ಆಮೇಲೆ ಅಂಥದ್ದೊಂದನ್ನ ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು. ಅದರ ಬಾನೆಟ್ ಕೆಳಗಿರೋ ಇಂಜಿನ್ ಯಾವುದು ಗೊತ್ತಾ? ಫಿಯೆಟ್ 1100ನದು, 1089 ಸಿಸಿ. ಕಂಪ್ರೆಷನ್ ಹೆಚ್ಚಿಸಿ, ಕಾರ್ಬ್ಯುರೇಟರ್ ಬದಲಿಸಿ, ಒಂದಿಷ್ಟು ಹುರುಪು ತುಂಬಿದ್ದು ಅಷ್ಟೇ.

ಅಳಿಯ: ಈ ಇಂಜಿನ್ ನಮ್ಮ ಮುಂಬೈಯ ಕುರ್ಲಾ ಕಾರ್ಖಾನೆಗೆ ಬಂದದ್ದು ಹೇಗೆ?

ಮಾವ: ವಾಲ್‌ಚಂದ್ ಹಿರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಐವತ್ತರ ದಶಕದ ಶುರುವಿನಲ್ಲಿ ಫಿಯೆಟ್ ಜೊತೆ ಒಪ್ಪಂದ ಆಯಿತು. ಫಿಯೆಟ್ 500 ಬಂತು, 1954ರಲ್ಲಿ 1100 ಬಂತು. ಮೊದಮೊದಲ 1100ಗಳ ಮುಂದಿನ ಬಾಗಿಲಿನ ಕೀಲು ಹಿಂದಿನ ಕಡೆಗಿತ್ತು, ಬಾಗಿಲು ಎದುರುಮುಖವಾಗಿ ತೆರೀತಿತ್ತು. ಆಮೇಲೆ ಸೆಲೆಕ್ಟ್, ಸೂಪರ್ ಸೆಲೆಕ್ಟ್, 1964ರಿಂದ ಈ ಡಿಲೈಟ್. ಎಪ್ಪತ್ತರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ. ಇಟಲಿಯಲ್ಲಿ 1100 ನಿಂತು ಮೂರು ದಶಕ ಆದ ಮೇಲೂ ಕುರ್ಲಾದಲ್ಲಿ ಅದೇ ಮೈ, ಅದೇ 1089 ಸಿಸಿ ಇಂಜಿನ್ ತಯಾರಾಗ್ತಾನೇ ಇತ್ತು. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ. ಜಾಕೋಸಾ ಅವರ ಇಂಜಿನ್ನನ್ನ ಅಷ್ಟು ದೀರ್ಘ ಕಾಲ ಬದುಕಿಸಿದವರು ನಮ್ಮ ಕಾರ್ಮಿಕರು, ನಮ್ಮ ಮೆಕ್ಯಾನಿಕ್‌ಗಳು. ಇಟಲಿಯ ಕಾರಿನ ಚರಿತ್ರೆ ಬರೆಯುವವನು ಕುರ್ಲಾವನ್ನ ಬಿಟ್ಟು ಬರೆದರೆ ಅದು ಅರ್ಧ ಚರಿತ್ರೆ.

ಅಳಿಯ: ಒಪ್ಪಿದೆ. ಆದರೆ ಇದು ಸ್ಪೋರ್ಟ್ಸ್ ಕಾರು ಅಲ್ಲ ಅನ್ನೋದೂ ನಿಜ. ನಾಳೆ ಇದರ ಬೆಲೆ ಡೀನೋದ ಹಾಗೆ ಏರುತ್ತಾ?

ಮಾವ: ಏರಲ್ಲ. ಹಾಗಂತ ಯಾರಾದರೂ ಹೇಳಿದರೆ ನಂಬಬೇಡ. ನಾನು ಇಂಥದ್ದನ್ನ ಕೊಳ್ಳು ಅನ್ನೋದಕ್ಕೆ ಕಾರಣ ಬೇರೆ. ಡೀನೋಗೆ ಬೆಲೆ ಕಟ್ಟೋ ಕಣ್ಣೂ ಫಿಯೆಟ್‌ಗೆ ಬೆಲೆ ಕಟ್ಟೋ ಕಣ್ಣೂ ಒಂದೇ. ಆ ಕಣ್ಣನ್ನ ಇಲ್ಲಿ ಪಳಗಿಸಿಕೊಂಡರೆ ತಪ್ಪಾದರೂ ಮನೆ ಮುಳುಗಲ್ಲ. ಸಾಮಾನು ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಸಿಗುತ್ತೆ. ಕೆಲಸ ಗೊತ್ತಿರೋ ಕೈಗಳು ಇನ್ನೂ ಇವೆ. ಬಾ, ಆ ಮೂಲೆಯ ಕಾರನ್ನ ನೋಡೋಣ. ಮಾರಾಟಕ್ಕೆ ಬಂದಿದೆ, ಮೇಲಿಂದ ಚೆನ್ನಾಗೇ ಕಾಣುತ್ತೆ. ನೀನೇ ಬೆಲೆ ಕಟ್ಟು. ಎಲ್ಲಿಂದ ಶುರು ಮಾಡ್ತೀಯ?

ಅಳಿಯ: ಬಾನೆಟ್ ಎತ್ತಿ ಚಾಸಿ ನಂಬರ್ ನೋಡ್ತೀನಿ.

ಮಾವ: ನೋಡಿದರೆ ಸಾಲದು. ಈ ಕಾಗದ ಹಿಡಿ, ನಂಬರಿನ ಮೇಲೆ ಇಟ್ಟು ಪೆನ್ಸಿಲ್ ಉಜ್ಜು. ಆರ್‌ಟಿಓದವರು ಪೆನ್ಸಿಲ್ ಪ್ರಿಂಟ್ ತಗೋತಾರಲ್ಲ, ಹಾಗೆ. ಬಣ್ಣದ ಕೆಳಗೆ ಕಣ್ಣಿಗೆ ಕಾಣದ್ದು ಕಾಗದಕ್ಕೆ ಬರುತ್ತೆ. ಅಂಕಿಗಳು ಒಂದೇ ಸಾಲಿನಲ್ಲಿವೆಯಾ, ನಡುವಿನ ಅಂತರ ಸಮನಾಗಿದೆಯಾ, ಸುತ್ತ ಗ್ರೈಂಡರ್ ಹೊಡೆದ ಗೀರು ಇದೆಯಾ ನೋಡು. ಆಮೇಲೆ ಇಂಜಿನ್ ಬ್ಲಾಕಿನ ಮೇಲಿನ ನಂಬರ್. ಎರಡನ್ನೂ ಆರ್‌ಸಿ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ಹಾಕು.

ಅಳಿಯ: ಚಾಸಿ ನಂಬರ್ ತಾಳೆ ಆಗ್ತಿದೆ. ಇಂಜಿನ್ ನಂಬರಿನ ಕೊನೇ ಮೂರು ಅಂಕಿ ಬೇರೆ ಇವೆ.

ಮಾವ: ಅಲ್ಲಿಗೆ ಒಂದು ವಿಷಯ ತಿಳೀತು: ಇಂಜಿನ್ ಬದಲಾಗಿದೆ, ಆರ್‌ಸಿಯಲ್ಲಿ ಬದಲಾಯಿಸಿಲ್ಲ. ಅದೇ ಮಾದರಿಯ ಇಂಜಿನ್ ಆದ್ದರಿಂದ ಕಾರು ಕೆಟ್ಟದ್ದು ಅಂತ ಆಗಲಿಲ್ಲ. ಆದರೆ ಬೆಲೆ ಇಳಿಯುತ್ತೆ, ಕಾಗದ ಸರಿ ಮಾಡಿಸೋ ಹೊಣೆ ಮಾರುವವನದ್ದು ಅಂತ ಮೊದಲೇ ಮಾತಾಗಬೇಕು. ಈಗ ಈ ಮ್ಯಾಗ್ನೆಟ್ ತಗೋ. ಬಾಗಿಲ ಕೆಳಗಿನ ಸಿಲ್ ಮೇಲೆ ಮುಂದಿನಿಂದ ಹಿಂದಕ್ಕೆ ಎಳೆ.

ಅಳಿಯ: ಇಲ್ಲಿ ಹಿಡೀತಿದೆ… ಇಲ್ಲಿ ಹಿಡೀತಿಲ್ಲ. ಜಾರಿ ಬೀಳುತ್ತೆ.

ಮಾವ: ಅಲ್ಲಿ ತಗಡು ಇಲ್ಲ, ಪುಟ್ಟಿ ಇದೆ. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಸಿಲ್ ತಿಂದುಹೋದರೆ ಭಾರ ಹೊರೋ ಎಲುಬೇ ಹೋದ ಹಾಗೆ. ಮ್ಯಾಟ್ ಎತ್ತಿ ಫ್ಲೋರ್ ನೋಡು, ಬ್ಯಾಟರಿ ಟ್ರೇ ಕೆಳಗೆ ಆಸಿಡ್ ಸುರಿದು ತಿಂದಿರುತ್ತೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರೋ ಕಡೆ ನೀರು ನಿಂತಿರುತ್ತೆ. ಕೆಳಗೆ ಮಲಗಿ ಲೀಫ್ ಸ್ಪ್ರಿಂಗ್ ಮೈಗೆ ಸೇರೋ ಜಾಗ ನೋಡು. ಹೊಸ ಕಪ್ಪು ಬಣ್ಣ ದಪ್ಪಗೆ ಬಳಿದಿದ್ದರೆ ಅದರ ಕೆಳಗೆ ಏನಿದೆ ಅಂತ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟಿ ಕೇಳು. ಗಟ್ಟಿ ತಗಡು ಠಣ್ ಅನ್ನುತ್ತೆ.

ಅಳಿಯ: ಇಂಜಿನ್?

ಮಾವ: ತಣ್ಣಗಿರುವಾಗಲೇ ಸ್ಟಾರ್ಟ್ ಮಾಡು, ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀನಿ ಅಂತ ಹೇಳಿ ಬಾ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಆಯಿಲ್ ಕ್ಯಾಪ್ ಒಳಗೆ ಹಾಲಿನ ಬಣ್ಣದ ನೊರೆ ಇದ್ದರೆ ನೀರು ಸೇರ್ತಿದೆ, ಹೆಡ್ ಗ್ಯಾಸ್ಕೆಟ್ ನೋಡಬೇಕು. ಜಾಕ್ ಏರಿಸಿ ಮುಂದಿನ ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಿಂಗ್ ಪಿನ್ ಸವೆದದ್ದು ಕೈಗೆ ತಿಳಿಯುತ್ತೆ. ಇವೆಲ್ಲ ಸರಿ ಮಾಡಬಹುದಾದ ಕೆಲಸ. ಪದ್ಮಿನಿ ದಶಕಗಟ್ಟಲೆ ಓಡಿದ್ದರಿಂದ ಇಂಜಿನ್ ಸಾಮಾನಿಗೆ ಬರ ಇಲ್ಲ. ಕಷ್ಟ ಇರೋದು ಮೇಲಿನ ಒಡವೆಗಳಲ್ಲಿ: ಡಿಲೈಟ್‌ನ ಗ್ರಿಲ್, ಹೆಸರಿನ ಬ್ಯಾಡ್ಜ್, ದೀಪದ ಗಾಜು, ಸ್ಟೀರಿಂಗಿನ ಹಾರ್ನ್ ರಿಂಗು. ಇಂಜಿನ್ ಕೆಟ್ಟು ಒಡವೆ ಪೂರ್ತಿ ಇರೋ ಕಾರನ್ನ ಕೊಳ್ಳು. ಚೆನ್ನಾಗಿ ಓಡುತ್ತೆ ಆದರೆ ಒಡವೆ ಒಂದೂ ಇಲ್ಲ ಅನ್ನೋ ಕಾರಿನ ಮುಂದೆ ಎರಡು ಸಲ ಯೋಚಿಸು.

ಅಳಿಯ: ಈಗ ಬೆಲೆ. ಇದನ್ನೆಲ್ಲ ನೋಡಿ ಒಂದು ಅಂಕಿಗೆ ಬರೋದು ಹೇಗೆ?

ಮಾವ: ಹಿಂದಿನಿಂದ ಲೆಕ್ಕ ಹಾಕು. ಇದೇ ಮಾಡೆಲ್ ಚೆನ್ನಾಗಿ ಸಿದ್ಧವಾಗಿ, ಕಾಗದ ಶುದ್ಧವಾಗಿ ಇದ್ದರೆ ಇವತ್ತು ನಿಜವಾಗಿ ಮಾರಾಟವಾಗೋ ಬೆಲೆ ಎಷ್ಟು ಅಂತ ವಿಚಾರಿಸು. ಕೇಳೋ ಬೆಲೆ ಬೇರೆ, ಕೈ ಬದಲಾದ ಬೆಲೆ ಬೇರೆ, ಎರಡನೆಯದೇ ಬೇಕು. ಅದನ್ನ 100 ಅಂತ ಇಟ್ಟುಕೋ. ಟಿಂಕರಿಂಗ್, ಪೇಂಟಿಗೆ 35 ಬೇಕು ಅಂತ ಮೇಸ್ತ್ರಿ ಹೇಳಿದ. ಇಂಜಿನ್, ಬ್ರೇಕು, ಸಸ್ಪೆನ್ಷನ್ನಿಗೆ 20. ಸೀಟು, ಕ್ರೋಮು, ರಬ್ಬರಿಗೆ 15. ಬಿಚ್ಚಿದ ಮೇಲೆ ಕಾಣಿಸಿಕೊಳ್ಳೋ ಕೆಲಸಕ್ಕೆ 10. ಉಳಿಯೋದು 20. ನೀನು ಕೊಡಬಹುದಾದದ್ದು ಅಷ್ಟೇ. ಮಾರುವವನು 50 ಕೇಳಿದರೆ ಕೈಮುಗಿದು ಬಾ. ಇಡೀ ಜಗತ್ತಿನಲ್ಲೂ ಲೆಕ್ಕ ಇದೇ. ಅಮೆರಿಕದಲ್ಲಿ ಹ್ಯಾಗರ್ಟಿ ಅನ್ನೋ ವಿಮೆ ಕಂಪನಿಯವರು ಹಳೇ ಕಾರಿನ ಸ್ಥಿತಿಯನ್ನ 1ರಿಂದ 4ರವರೆಗೆ ನಾಲ್ಕು ದರ್ಜೆ ಮಾಡಿ, ಒಂದೊಂದಕ್ಕೂ ಒಂದೊಂದು ಬೆಲೆ ಹೇಳ್ತಾರೆ. ನಾಲ್ಕನೇ ದರ್ಜೆಯ ಕಾರು ಕೊಂಡು ಒಂದನೇ ದರ್ಜೆಗೆ ಏರಿಸೋ ಖರ್ಚು, ಎಷ್ಟೋ ಸಲ ಒಂದನೇ ದರ್ಜೆಯ ಕಾರನ್ನೇ ಕೊಳ್ಳೋದಕ್ಕಿಂತ ಹೆಚ್ಚಾಗುತ್ತೆ. ಅದಕ್ಕೇ ಅನುಭವಸ್ಥರು, ಕೈಗೆ ಎಟುಕೋ ಅಷ್ಟರಲ್ಲಿ ಅತಿ ಒಳ್ಳೆಯದನ್ನ ಕೊಳ್ಳು ಅನ್ನೋದು.

ಅಳಿಯ: ಕಾಗದದಲ್ಲಿ ಇನ್ನೇನು ನೋಡಬೇಕು?

ಮಾವ: ಆರ್‌ಸಿಯಲ್ಲಿ ಹೆಸರಿರೋರು ಬದುಕಿದ್ದಾರಾ ಅಂತ ಮೊದಲು ಕೇಳು. ತಾತನ ಹೆಸರಿನಲ್ಲಿದ್ದು ಮೊಮ್ಮಗ ಮಾರೋಕೆ ಬಂದರೆ, ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗಾವಣೆ ಆದ ಮೇಲೇ ನಿನ್ನ ಹೆಸರಿಗೆ ಫಾರಂ 29, 30. ಹದಿನೈದು ವರ್ಷ ದಾಟಿದ ಕಾರಾದ್ದರಿಂದ ಐದು ವರ್ಷಕ್ಕೊಮ್ಮೆ ನವೀಕರಣ ಆಗಿದೆಯಾ ನೋಡು. ಬೇರೆ ರಾಜ್ಯದ ಕಾರಾದರೆ ಅಲ್ಲಿಂದ ಎನ್‌ಓಸಿ. ಆಮೇಲೆ ಕಾನೂನು ಕೇಳದ, ಆದರೆ ನೀನು ಕೇಳಲೇಬೇಕಾದ ಕಾಗದ: ಹಳೇ ಸರ್ವೀಸ್ ಬಿಲ್ಲು, ಮೊದಲ ಮಾಲೀಕರ ಫೋಟೋ, ಹಳೇ ಇನ್ಶೂರೆನ್ಸ್ ಚೀಟಿ. ಮನೆಯ ಟ್ರಂಕಿನಲ್ಲಿ ಅಂಥವು ಇದ್ದೇ ಇರುತ್ತವೆ. ಕಸ ಅಂತ ಸುಡೋಕೆ ಮುಂಚೆ ಕೇಳಿ ಇಸ್ಕೋ.

ಅಳಿಯ: ಡೀನೋ ಆಸೆ ಬಿಟ್ಟುಬಿಡು ಅಂತಲೇ ನಿಮ್ಮ ಮಾತಿನ ಅರ್ಥನಾ?

ಮಾವ: ಯಾಕೆ ಬಿಡಬೇಕು? ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಧರ್ಮಸ್ಥಳದವರ 'ಪಯಣ' ಕಾರ್ ಮ್ಯೂಸಿಯಂ ಇದೆ, ಹೋಗಿ ಒಂದಿಡೀ ದಿನ ನೋಡು. ಇಲ್ಲಿ ವಿಂಟೇಜ್ ರ‍್ಯಾಲಿ ನಡೆದಾಗ ಬೆಳಿಗ್ಗೆಯೇ ಹೋಗಿ ಮಾಲೀಕರ ಜೊತೆ ಮಾತಾಡು. ಅವರು ತಮ್ಮ ಕಾರಿನ ಬಗ್ಗೆ ಎಷ್ಟು ಕೇಳಿದರೂ ಬೇಸರವಿಲ್ಲದೆ ಹೇಳ್ತಾರೆ. ಈ ಫಿಯೆಟ್‌ನ ನಟ್ಟು ಬೋಲ್ಟು ನಿನ್ನ ಕೈಗೆ ಪರಿಚಯ ಆದಮೇಲೆ ಆಲ್ಫಾ ಮುಂದೆ ನಿಂತಾಗ ನಿನಗೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತೆ. ಆಗ ದುಡ್ಡೂ ಕೂಡಿಬಂದರೆ ಕೊಳ್ಳು, ನಾನೂ ಬರ್ತೀನಿ.

ಅಳಿಯ: ಕೊನೇದಾಗಿ ಒಂದು ಕೇಳ್ತೀನಿ. ನಾನು ಇಷ್ಟೆಲ್ಲ ಮಾಡಿ ಒಂದು ಕಾರನ್ನ ನಿಲ್ಲಿಸ್ತೀನಿ. ನಾಳೆ ನನಗೆ ಸಾಕಾಗಿ ಮಾರಿದರೆ, ಇಷ್ಟು ಶ್ರಮ ಯಾರಿಗಾಗಿ ಪಟ್ಟ ಹಾಗಾಯಿತು?

ಮಾವ: ಮುಂದೆ ಕೊಳ್ಳುವವನಿಗಾಗಿ. ಈ ಡಿಲೈಟ್‌ಗೆ ನಾನು ನಾಲ್ಕನೇ ಮಾಲೀಕ. ಮೊದಲ ಮೂವರಲ್ಲಿ ಒಬ್ಬರು ಬಿಲ್ಲುಗಳನ್ನ ಜೋಪಾನ ಮಾಡಿದ್ದರಿಂದ ಇದರ ಇಂಜಿನ್ ಯಾವಾಗ ಬೋರ್ ಆಯಿತು, ಬಣ್ಣ ಯಾವಾಗ ಬದಲಾಯಿತು ಅಂತ ನನಗೆ ಗೊತ್ತಾಯಿತು. ಹುಟ್ಟುಬಣ್ಣ ಯಾವುದು ಅಂತ ಊಹೆ ಮಾಡೋ ಪಾಡು ತಪ್ಪಿತು. ನೀನೂ ಇವತ್ತೇ ಒಂದು ಫೈಲ್ ತೆರೆ. ಬಿಚ್ಚುವ ಮುಂಚೆ ಫೋಟೋ ತೆಗಿ. ಏನು ಬದಲಾಯಿಸಿದೆ, ಯಾವ ತಾರೀಖು, ಎಲ್ಲಿ ಸಿಕ್ಕಿದ ಸಾಮಾನು ಅಂತ ಬರಿ. ತಗಡು ಹೊಸದು ಹಾಕಿದ್ದರೆ ಹೊಸದು ಅಂತಲೇ ಬರಿ, ಮುಚ್ಚಬೇಡ. ಕಿತ್ತ ಹಳೇ ಸಾಮಾನನ್ನ ಡಬ್ಬಿಯಲ್ಲಿ ಹಾಕಿ ಹೆಸರು ಅಂಟಿಸಿ ಇಡು. ಮಾರುವ ದಿನ ಕಾರಿನ ಕೀ ಜೊತೆ ಆ ಫೈಲು, ಆ ಡಬ್ಬಿ ಎರಡನ್ನೂ ಕೊಡು. ಮೊಂಡಿಯಾಲ್ ಆಗಲಿ, ಜಿಟಿಓ ಆಗಲಿ, ಯಾರೋ ಒಬ್ಬರು ಹಾಗೆ ಬರೆದಿಟ್ಟದ್ದರಿಂದಲೇ ಇವತ್ತು ಅವುಗಳ ಬಗ್ಗೆ ನಿಜ ಏನು ಅಂತ ನಾವು ಮಾತಾಡ್ತಿರೋದು. ನಮ್ಮ ಕಾರುಗಳಿಗೆ ಆ ಕೆಲಸ ಮಾಡೋರು ತೀರ ಕಡಿಮೆ. ನೀನು ಮಾಡು.